ಗೇಮ್ ಕಂಪನಿಯಾ, ಸಾಫ್ಟ್‌ವೇರ್ ಕಂಪನಿಯಾ: ಕೆಲಸಕ್ಕೆ ಸೇರುವ ಮುಂಚೆ ಕೇಳಬೇಕಾದ್ದು

ಗೇಮ್ ಕಂಪನಿಗೆ ಸೇರುವವರು ಸಂಬಳಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಈ ಗೇಮ್‌ಗೆ ದುಡ್ಡು ಹಾಕುತ್ತಿರುವವರು ಯಾರು? ಕುಶಾಲನಗರ, ಪೊನ್ನಂಪೇಟೆಯಲ್ಲಿ ಎಂಜಿನಿಯರಿಂಗ್ ಓದುವ ಮಕ್ಕಳು ಫೋನ್ ಮಾಡಿದಾಗ ನಾನು ಇಲ್ಲಿಂದಲೇ ಮಾತು ಶುರು ಮಾಡುತ್ತೇನೆ. ಬೆಂಗಳೂರಿನ ಗೇಮ್ ಸ್ಟುಡಿಯೋದಲ್ಲಿ ಸುಮಾರು ವರ್ಷ ದುಡಿದವನು ನಾನು. ಈಗ ಕಾರಿನ ಡಿಸ್‌ಪ್ಲೇಗೆ ಸಾಫ್ಟ್‌ವೇರ್ ಬರೆಯುತ್ತೇನೆ, ತಿಂಗಳಲ್ಲಿ ಅರ್ಧ ಭಾಗ ಸೋಮವಾರಪೇಟೆಯ ಮನೆಯಿಂದಲೇ.

ದುಡ್ಡಿನ ವಿಷಯ ಯಾಕೆ ಮೊದಲು? ಎಷ್ಟೋ ಸ್ಟುಡಿಯೋಗಳು ಪಬ್ಲಿಷರ್ (ಗೇಮ್‌ಗೆ ಹಣ ಹಾಕಿ ಮಾರುಕಟ್ಟೆಗೆ ತರುವ ಕಂಪನಿ) ಕೊಡುವ ಹಣದ ಮೇಲೆ ನಡೆಯುತ್ತವೆ. ಒಂದೊಂದು ಮೈಲ್‌ಸ್ಟೋನ್ (ಮೊದಲೇ ಒಪ್ಪಿದ ಕೆಲಸದ ಹಂತ) ಮುಗಿಸಿ ತೋರಿಸಿದಾಗ ಒಂದೊಂದು ಕಂತು ಬರುತ್ತದೆ. ಪಬ್ಲಿಷರ್ ಮನಸ್ಸು ಬದಲಾಯಿಸಿದರೆ ಕಂತು ನಿಲ್ಲುತ್ತದೆ, ಹಿಂದೆಯೇ ಸಂಬಳವೂ. ನಮ್ಮ ತಂಡಕ್ಕೆ ಆಗಿದ್ದು ಇದೇ. ಗೇಮ್ ಓಡುತ್ತಿತ್ತು, ಆಡಿದವರು ಮೆಚ್ಚಿದ್ದರು. ಆದರೂ ಒಂದು ಮಧ್ಯಾಹ್ನ ಮೀಟಿಂಗ್ ಕರೆದು ಪ್ರಾಜೆಕ್ಟ್ ನಿಂತಿತು ಎಂದರು. ಆ ಗೇಮ್ ಇವತ್ತಿಗೂ ಹೊರಗೆ ಬಂದಿಲ್ಲ. ನನಗೆ ಅದರ ನೋವು ಈಗಲೂ ಇದೆ.

ದೊಡ್ಡ ಕಂಪನಿ ಅಂದರೆ ಸೇಫ್ ಅಂತಲೂ ಅಲ್ಲ. 2024ರ ಜನವರಿ ಒಂದೇ ತಿಂಗಳಲ್ಲಿ ಮೈಕ್ರೋಸಾಫ್ಟ್ ತನ್ನ ಗೇಮ್ ವಿಭಾಗದಿಂದ 1,900 ಜನರನ್ನು ಕಳಿಸುವುದಾಗಿ ಹೇಳಿತು, ಗೇಮ್ ಎಂಜಿನ್ (ಗೇಮ್ ಕಟ್ಟಲು ಬಳಸುವ ಸಿದ್ಧ ಸಾಫ್ಟ್‌ವೇರ್) ಮಾಡುವ ಯೂನಿಟಿ 1,800 ಜನರನ್ನು. ಮುಂದಿನ ತಿಂಗಳು ಸೋನಿ 900. ನಮ್ಮಲ್ಲಿ 2025ರ ಆಗಸ್ಟ್‌ನಲ್ಲಿ ದುಡ್ಡು ಗೆಲ್ಲುವ ಆಸೆಗೆ ಹಣ ಕಟ್ಟಿ ಆಡುವ ಆನ್‌ಲೈನ್ ಗೇಮ್‌ಗಳನ್ನು ನಿಷೇಧಿಸುವ ಕಾನೂನು ಬಂತು. ಅದನ್ನೇ ನಂಬಿದ್ದ ಕಂಪನಿಗಳು ಕೆಲವೇ ದಿನಗಳಲ್ಲಿ ಆ ವ್ಯವಹಾರ ನಿಲ್ಲಿಸಬೇಕಾಯಿತು. ಐಟಿಯಲ್ಲೂ ಜನರನ್ನು ತೆಗೆಯುತ್ತಾರೆ, ನಿಜ. ಆದರೆ ಬೆಂಗಳೂರಿನಲ್ಲಿ ಜಾವಾ ಬಲ್ಲವರಿಗೆ ಇನ್ನೊಂದು ಕೆಲಸ ಪಕ್ಕದ ಬಿಲ್ಡಿಂಗಿನಲ್ಲೇ ಸಿಗಬಹುದು. ಗೇಮ್ ಎಂಜಿನ್ ಮಾತ್ರ ಗೊತ್ತಿರುವವರು ಕದ ತಟ್ಟಲು ಇರುವ ಕಂಪನಿಗಳೇ ಕಡಿಮೆ.

ಇಷ್ಟೆಲ್ಲಾ ಹೇಳಿದ ಮೇಲೂ ನಾನು ಯಾರಿಗೂ ಗೇಮ್ ಬೇಡ ಅನ್ನುವುದಿಲ್ಲ. ಯಾಕೆಂದರೆ ಅಲ್ಲಿ ಕಲಿಯುವ ಕೆಲಸ ಬೇರೆಲ್ಲೂ ಅಷ್ಟು ಚೆನ್ನಾಗಿ ಕಲಿಯಲು ಆಗುವುದಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಗೇಮ್ ಸೆಕೆಂಡಿಗೆ 60 ಫ್ರೇಮ್ (ಪರದೆಯ ಮೇಲೆ ಬರುವ ಒಂದೊಂದು ಚಿತ್ರ) ಓಡಬೇಕು ಅಂದರೆ ಒಂದು ಫ್ರೇಮ್‌ಗೆ ಸಿಗುವುದು ಸುಮಾರು 16.7 ಮಿಲಿಸೆಕೆಂಡ್. ಕೀ ಒತ್ತಿದ್ದು, ಲೆಕ್ಕ, ಚಿತ್ರ, ಸದ್ದು ಎಲ್ಲವೂ ಅಷ್ಟರಲ್ಲೇ ಮುಗಿಯಬೇಕು. ನಮ್ಮ ಗೇಮ್ ಕಡಿಮೆ ಬೆಲೆಯ ಫೋನಿನಲ್ಲಿ ಶುರುವಿಗೆ ಚೆನ್ನಾಗಿಯೇ ಓಡುತ್ತಿತ್ತು. ಸ್ವಲ್ಪ ಹೊತ್ತು ಆಡಿದ ಮೇಲೆ ಎಳೆದಾಡಲು ಶುರುವಾಗುತ್ತಿತ್ತು. ಕೋಡ್‌ನಲ್ಲಿ ಹುಡುಕಿದರೆ ಏನೂ ತಪ್ಪಿಲ್ಲ. ಫೋನ್ ಕೈಯಲ್ಲಿ ಹಿಡಿದಾಗ ಅದರ ಬೆನ್ನು ಸುಡುತ್ತಿತ್ತು. ಬಿಸಿ ಜಾಸ್ತಿಯಾದರೆ ಫೋನಿನ ಚಿಪ್ ತಾನೇ ವೇಗ ತಗ್ಗಿಸುತ್ತದೆ. ಬಿಸಿ ಎಲ್ಲಿಂದ? ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತೋರಿಸುವ ಪ್ರೊಫೈಲರ್ ಹಾಕಿ ನೋಡಿದೆವು. ಗೇಮ್‌ನಲ್ಲಿ ಕಾಣುವ ಹೊಗೆ! ಒಂದರ ಮೇಲೊಂದು ಪಾರದರ್ಶಕ ಪದರ. ಪರದೆಯ ಒಂದೇ ಪಿಕ್ಸೆಲ್‌ಗೆ ಮತ್ತೆ ಮತ್ತೆ ಬಣ್ಣ ಬಳಿಯುತ್ತಿತ್ತು ಜಿಪಿಯು (ಚಿತ್ರ ಬಿಡಿಸುವ ಚಿಪ್). ಹೊಗೆಯನ್ನು ಮಾತ್ರ ಅರ್ಧ ಅಗಲ, ಅರ್ಧ ಎತ್ತರದ ಬೇರೆ ಚಿತ್ರದಲ್ಲಿ ಬಿಡಿಸಿ, ಆಮೇಲೆ ಹಿಗ್ಗಿಸಿ ಮೇಲೆ ಕೂರಿಸಿದೆವು. ಹೊಗೆಯ ಪಿಕ್ಸೆಲ್ ಲೆಕ್ಕ ಕಾಲು ಭಾಗಕ್ಕೆ ಇಳಿಯಿತು. ಹೊಗೆ ಹೇಗೂ ಮಸುಕೇ ಅಲ್ವಾ, ನೋಡುವವರಿಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಫೋನ್ ತಣ್ಣಗಾಯಿತು.

ಈಗ ಕಾರಿನ ಕಂಪನಿಯಲ್ಲಿ ನಾನು ದಿನಾ ಮಾಡುವುದು ಇದೇ ಕೆಲಸ. ಸ್ಪೀಡೋಮೀಟರ್, ಮ್ಯಾಪ್, ಹಿಂದಿನ ಕ್ಯಾಮೆರಾ ಎಲ್ಲವೂ ಸಣ್ಣ ಚಿಪ್ಪಿನಲ್ಲಿ ತಡವರಿಸದೆ ಕಾಣಬೇಕು. ಜಿಎಂಸಿ ಹಮ್ಮರ್ ಎಲೆಕ್ಟ್ರಿಕ್ ಗಾಡಿಯ ಪರದೆಗಳಿಗೆ ಬಳಸಿದ್ದು ಅನ್‌ರಿಯಲ್ ಎಂಬ ಗೇಮ್ ಎಂಜಿನ್ ಅನ್ನೇ. ಸ್ಟುಡಿಯೋ ಬಿಟ್ಟ ಮೇಲೆ ನನ್ನ ಕೈ ಹಿಡಿದದ್ದು ಸಿ ಪ್ಲಸ್ ಪ್ಲಸ್ ಭಾಷೆ, ಗಣಿತ, ಮತ್ತು ಪ್ರೊಫೈಲರ್ ಓದುವ ಅಭ್ಯಾಸ. ನಮ್ಮ ಜೊತೆಗೇ ಇದ್ದ ಕೆಲವರಿಗೆ ಒಂದೇ ಎಂಜಿನ್‌ನಲ್ಲಿ ಲೆವೆಲ್ ಸ್ಕ್ರಿಪ್ಟ್ (ಗೇಮ್‌ನ ಒಂದೊಂದು ಹಂತದಲ್ಲಿ ಏನಾಗಬೇಕು ಅನ್ನುವ ಕೋಡ್) ಬರೆದ ಅನುಭವ ಮಾತ್ರ ಇತ್ತು. ಅವರೂ ಒಳ್ಳೆಯ ಕೆಲಸಗಾರರೇ. ಆದರೂ ಹೊರಗೆ ಕೆಲಸ ಸಿಗಲು ತುಂಬಾ ಒದ್ದಾಡಿದರು. ಹಾಗಾಗಿ ಗೇಮ್ ಕಂಪನಿಗೆ ಸೇರುವವರು ಅಲ್ಲಿ ಯಾವ ಕೆಲಸಕ್ಕೆ ಸೇರುತ್ತೇವೆ ಅನ್ನುವುದನ್ನು ನೋಡಬೇಕು. ಗ್ರಾಫಿಕ್ಸ್, ನೆಟ್‌ವರ್ಕ್, ಟೂಲ್ಸ್ (ತಂಡದವರೇ ಬಳಸುವ ಸಾಫ್ಟ್‌ವೇರ್), ಬಿಲ್ಡ್ (ಕೋಡ್ ಎಲ್ಲ ಜೋಡಿಸಿ ಓಡುವ ಗೇಮ್ ಮಾಡುವುದು) ಕೆಲಸ ಕಲಿತವರಿಗೆ ಹೊರಗೂ ಬೆಲೆ ಇದೆ. ಒಂದೇ ಎಂಜಿನ್ ನಂಬಿ ಕೂರಬಾರದು ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. 2023ರ ಸೆಪ್ಟೆಂಬರ್‌ನಲ್ಲಿ ಯೂನಿಟಿ ಇದ್ದಕ್ಕಿದ್ದಂತೆ ಇನ್‌ಸ್ಟಾಲ್ ಲೆಕ್ಕದಲ್ಲಿ ಶುಲ್ಕ ಹಾಕುತ್ತೇವೆ ಎಂದಿತು. ಸ್ಟುಡಿಯೋಗಳು ನಡುಗಿಹೋದವು. ಒಂದು ವರ್ಷದ ಮೇಲೆ ಅದನ್ನು ಕೈಬಿಟ್ಟಿತು, ಆದರೆ ಅಷ್ಟರಲ್ಲಿ ಎಷ್ಟೋ ಜನ ಗೊಡಾಟ್ ಎಂಬ ಉಚಿತ ಎಂಜಿನ್ ಕಡೆ ನೋಡಲು ಶುರು ಮಾಡಿದ್ದರು.

ಕೊಡಗಿನವರು ಯೋಚಿಸಬೇಕಾದ ಇನ್ನೊಂದು ಮಾತಿದೆ. ಊರಲ್ಲೇ ಇದ್ದು ತೋಟವನ್ನೂ ನೋಡಿಕೊಂಡು ಕೆಲಸ ಮಾಡುವ ಆಸೆ ನಮ್ಮಲ್ಲಿ ಬಹಳ ಜನಕ್ಕೆ ಇದೆ. ಗೇಮ್ ಕೆಲಸದಲ್ಲಿ ಅದು ಕಷ್ಟ. ಮಾಮೂಲಿ ವೆಬ್ ಕೆಲಸದಲ್ಲಿ ಕಳಿಸುವುದು ಹೆಚ್ಚಾಗಿ ಅಕ್ಷರದ ಫೈಲುಗಳನ್ನು. ಜುಲೈ ಮಳೆಗೆ ಮರ ಬಿದ್ದು ಕರೆಂಟು ಹೋಗಿ, ಫೈಬರ್ ತುಂಡಾದರೂ, ಯುಪಿಎಸ್ ಮತ್ತು ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ದಿನ ದೂಡಬಹುದು. ದೊಡ್ಡ ಗೇಮ್ ಪ್ರಾಜೆಕ್ಟ್ ಹಾಗಲ್ಲ. ಮಾಡೆಲ್, ಟೆಕ್ಸ್ಚರ್, ಸೌಂಡ್ ಸೇರಿ ಹತ್ತಾರು ಜಿಬಿ. ಹಾಟ್‌ಸ್ಪಾಟ್‌ನಲ್ಲಿ ಬೆಳಿಗ್ಗೆ ಸಿಂಕ್ ಹಾಕಿದರೆ (ಫೈಲುಗಳನ್ನು ಇಳಿಸಿಕೊಳ್ಳಲು ಬಿಟ್ಟರೆ) ಸಂಜೆಯಾದರೂ ಮುಗಿಯದೇ ಇರಬಹುದು. ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್‌ನ ಡೆವ್‌ಕಿಟ್‌ಗಳು (ಗೇಮ್ ಮಾಡುವವರಿಗೆ ಕೊಡುವ ವಿಶೇಷ ಯಂತ್ರಗಳು) ಗುಟ್ಟು ಕಾಯುವ ಒಪ್ಪಂದದ ಮೇಲೆ ಬರುತ್ತವೆ. ಎಷ್ಟೋ ಸ್ಟುಡಿಯೋಗಳು ಅವನ್ನು ಸುಲಭಕ್ಕೆ ಮನೆಗೆ ಬಿಡುವುದಿಲ್ಲ. ಬೆಂಗಳೂರು, ಪುಣೆ, ಹೈದರಾಬಾದ್‌ನಲ್ಲಿ ಮನೆ ಮಾಡುವ ಮನಸ್ಸಿದ್ದರೆ ಮಾತ್ರ ಈ ದಾರಿ.

ಅಕ್ಕನ ಮಗಳಿಗೆ ಈ ವರ್ಷ ಎರಡು ಆಫರ್ ಬಂದವು. ಒಂದು ಬೇರೆ ಕಂಪನಿಗಳ ಐಟಿ ಕೆಲಸ ಮಾಡಿಕೊಡುವ ಸರ್ವಿಸ್ ಕಂಪನಿ, ಇನ್ನೊಂದು ಗೇಮ್ ಸ್ಟುಡಿಯೋ. "ಮಾಮ, ಸ್ಟುಡಿಯೋದಲ್ಲಿ ಸಂಬಳ ಕಮ್ಮಿ. ಆದ್ರೆ ಟೂಲ್ಸ್ ಟೀಮು, ಪೂರ್ತಿ ಸಿ ಪ್ಲಸ್ ಪ್ಲಸ್" ಅಂದಳು. ದುಡ್ಡು ಯಾರದ್ದು ಕೇಳಿದೆಯಾ ಅಂದೆ. ಕೇಳಿದ್ದಳು. ಹೊರದೇಶದ ಪಬ್ಲಿಷರ್, ಈ ಗೇಮ್ ಮುಗಿಯುವವರೆಗೆ ಒಪ್ಪಂದ ಇದೆ ಎಂದು ನೇರವಾಗಿ ಹೇಳಿದರಂತೆ. ಹಾಗೆ ಬಿಚ್ಚಿ ಹೇಳುವ ಸ್ಟುಡಿಯೋ ಸಿಕ್ಕಿದ್ದೇ ನನಗೆ ಸಮಾಧಾನ. ಆಮೇಲೆ ಭಾವನ ಹತ್ತಿರ ಮಾತಾಡಿದೆ. ಆರು ತಿಂಗಳು ಕೆಲಸ ಇಲ್ಲದಿದ್ದರೆ ಮನೆ ತಡೆಯುತ್ತದಾ ಎಂದು ಕೇಳಿದೆ. "ಕಾಫಿ ದುಡ್ಡು ಸಾಲಕ್ಕೇ ಹೋಗುತ್ತೆ. ಆದ್ರೆ ಮೆಣಸು ಮಾರದೇ ಇಟ್ಟಿದ್ದೀನಿ, ಅವಳ ಖರ್ಚಿಗೆ ಸಾಕು" ಅಂದರು. ಈ ಮಾತು ಇಲ್ಲದಿದ್ದರೆ ನಾನು ಸರ್ವಿಸ್ ಕಂಪನಿಗೇ ಹೋಗು ಅನ್ನುತ್ತಿದ್ದೆ. ಮನೆಯ ಸಾಲ ಹೊತ್ತ ಮಕ್ಕಳಿಗೆ ನಾನು ಈಗಲೂ ಹೇಳುವುದು ಅದನ್ನೇ: ಮೊದಲು ತಿಂಗಳ ಸಂಬಳ ಗಟ್ಟಿ ಮಾಡಿಕೊಳ್ಳಿ, ಜೊತೆಗೆ ಸಣ್ಣದಾದರೂ ಪೂರ್ತಿ ಮುಗಿದ ಒಂದು ಗೇಮ್ ಮಾಡಿ ಇಟ್ಟುಕೊಳ್ಳಿ.

ಅವಳು ಸ್ಟುಡಿಯೋ ಸೇರುತ್ತಿದ್ದಾಳೆ. ಸಹಿ ಹಾಕುವ ಮುಂಚೆ ಎರಡು ವಿಷಯ ಬರಹದಲ್ಲಿ ತೆಗೆದುಕೋ ಅಂದಿದ್ದೇನೆ. ನೋಟಿಸ್ ಅವಧಿ ಎಷ್ಟು. ಗೇಮ್ ಬಿಡುಗಡೆಯ ಮುಂಚೆಯೇ ಕೆಲಸ ಬಿಡಬೇಕಾಗಿ ಬಂದರೂ ಕ್ರೆಡಿಟ್ಸ್‌ನಲ್ಲಿ (ಗೇಮ್ ಮಾಡಿದವರ ಪಟ್ಟಿಯಲ್ಲಿ) ಹೆಸರು ಇರುತ್ತದಾ. ಎಷ್ಟೋ ಕಡೆ ಮಧ್ಯದಲ್ಲಿ ಹೋದವರ ಹೆಸರು ಬಿಟ್ಟುಬಿಡುತ್ತಾರೆ. ಮುಂದಿನ ಇಂಟರ್‌ವ್ಯೂನಲ್ಲಿ ಈ ಗೇಮ್ ನಾನೂ ಮಾಡಿದ್ದು ಎಂದು ತೋರಿಸಲು ಅವಳ ಕೈಯಲ್ಲಿ ಇರುವುದು ಅದೊಂದೇ.