ಮೊಣಕೈ ಮೇಷ್ಟ್ರು ಮತ್ತು ಮಲಗಿದ್ದ ಹಸು

ಮೇಷ್ಟ್ರು ಹೋದರೆಂಬ ಸುದ್ದಿ ನಮ್ಮ ತಂಡದ ವಾಟ್ಸ್ಆ್ಯಪ್ ಗುಂಪಿಗೆ ಬಂದಾಗ ನಾನು ತಾಲ್ಲೂಕು ಪಂಚಾಯಿತಿಯ ಜಗಲಿಯಲ್ಲಿ ಯಾರದೋ ಪಿಂಚಣಿ ಅರ್ಜಿಗೆ ಜೆರಾಕ್ಸ್ ಪ್ರತಿಗಳನ್ನು ಜೋಡಿಸುತ್ತಿದ್ದೆ. ಅಂಗವಿಕಲರೊಂದಿಗೆ ಕೆಲಸ ಮಾಡುವುದನ್ನು ನಾವು ಕಲಿತ ತರಬೇತಿ ಕೇಂದ್ರದ ಸಂಚಿಕೆಗೆ ಎರಡು ಪುಟ ಬರೆದುಕೊಡಿ ಎಂದು ಸಂಪಾದಕರು ಕೇಳಿದ್ದು ಅದಾದ ಮೇಲೆ. ನಮ್ಮ ತಂಡದಲ್ಲಿ ಇಂದಿಗೂ ಇದೇ ಕೆಲಸದಲ್ಲಿ ಉಳಿದಿರುವವರು ಮೂವರು. ಆ ಮೂವರಲ್ಲಿ ಬರೆಯಲು ಬರುವವನು ನಾನೊಬ್ಬನೇ ಎಂಬುದು ಸಂಪಾದಕರ ಅಭಿಪ್ರಾಯವೋ ನನ್ನದೋ, ಈಗ ನೆನಪಿಲ್ಲ.

ಅದು 1998. ಪಿಯುಸಿ ಮುಗಿದು, ಶಿಕ್ಷಕರ ತರಬೇತಿಯ ಟಿ.ಸಿ.ಎಚ್. ಸೀಟು ಸಿಗದೆ, ಮನೆಯಲ್ಲಿ ಕುಳಿತು ಬೈಸಿಕೊಳ್ಳುವುದಕ್ಕಿಂತ ವಾಸಿ ಎಂದು ಮೈಸೂರಿಗೆ ಬಂದವನು ನಾನು. ‘ಅಂಗವಿಕಲರ ಸೇವೆ ಪುಣ್ಯದ ಕೆಲಸವಪ್ಪ’ ಎಂದು ಸೋದರಮಾವ ಬಸ್ಸು ಹತ್ತಿಸಿದ್ದರು. ಮೊದಲ ದಿನ ಎಲ್ಲರೂ ಎದ್ದು ನಿಂತು ಬಂದ ಕಾರಣ ಹೇಳಬೇಕಿತ್ತು. ನಾನು ಮಾವನ ಮಾತನ್ನೇ ಒಪ್ಪಿಸಿದೆ. ಮೇಜಿನ ಆಚೆ ಕುಳಿತಿದ್ದ ಕಪ್ಪು ಕನ್ನಡಕದ ಮೇಷ್ಟ್ರು ತಲೆ ಎತ್ತಿದರು. ‘ಪುಣ್ಯ ಬೇಕಿದ್ದರೆ ಚಾಮುಂಡಿ ಬೆಟ್ಟ ಹತ್ತಯ್ಯಾ, ಸಾವಿರ ಮೆಟ್ಟಿಲಿವೆ. ಇಲ್ಲಿ ಕೆಲಸ ಮಾತ್ರ ಕಲಿಸುತ್ತೇವೆ.’

ಅವರಿಗೆ ಹುಟ್ಟಿನಿಂದ ಕಣ್ಣು ಕಾಣುತ್ತಿರಲಿಲ್ಲ. ನಮ್ಮ ಬಾಯಲ್ಲಿ ಅವರು ‘ಮೊಣಕೈ ಮೇಷ್ಟ್ರು’. ಕಣ್ಣು ಕಾಣದವರನ್ನು ರಸ್ತೆ ದಾಟಿಸುವುದೆಂದರೆ ನಾವು ರಟ್ಟೆ ಹಿಡಿದು ಎಳೆದುಕೊಂಡು ಹೋಗುವವರು, ಕಳ್ಳನನ್ನು ಠಾಣೆಗೆ ಒಯ್ಯುವ ಹಾಗೆ. ಮೇಷ್ಟ್ರು ಅದನ್ನು ಬಿಡಿಸಿದರು. ನಿನ್ನ ಮುಂಗೈಯನ್ನು ಅವರ ಕೈಗೆ ಮೆಲ್ಲಗೆ ತಾಗಿಸು, ಅವರೇ ನಿನ್ನ ಮೊಣಕೈ ಮೇಲೆ ಹಿಡಿಯುತ್ತಾರೆ, ಅರ್ಧ ಹೆಜ್ಜೆ ಹಿಂದೆ ಬರುತ್ತಾರೆ. ಇಕ್ಕಟ್ಟಾದ ಕಡೆ ಕೈಯನ್ನು ಬೆನ್ನ ಹಿಂದಕ್ಕೆ ತಂದರೆ ಸಾಕು, ಅವರು ನೇರ ನಿನ್ನ ಹಿಂದಕ್ಕೆ ಸರಿಯುತ್ತಾರೆ. ಮೆಟ್ಟಿಲ ಬಳಿ ಒಂದು ಕ್ಷಣ ನಿಲ್ಲು, ಹತ್ತುವುದೋ ಇಳಿಯುವುದೋ ಹೇಳು. ಕುರ್ಚಿ ತೋರಿಸಬೇಕಾದರೆ ಹೆಗಲು ಒತ್ತಿ ಕೂರಿಸಬೇಡ, ಅವರ ಕೈಯನ್ನು ಕುರ್ಚಿಯ ಬೆನ್ನಿಗೆ ಮುಟ್ಟಿಸು. ಇಷ್ಟೇ. ಆದರೆ ಮೂರು ವಾರ ಇದನ್ನೇ ಮಾಡಿಸಿದರು. ತಪ್ಪಿ ರಟ್ಟೆಗೆ ಕೈ ಹಾಕಿದವರ ಬೆರಳ ಗೆಣ್ಣಿಗೆ ಬ್ರೈಲ್ ಸ್ಲೇಟಿನ ಅಂಚು ಬೀಳುತ್ತಿತ್ತು. ಕಣ್ಣು ಕಾಣದವರ ಗುರಿ ಅಷ್ಟು ನಿಖರವಾಗಿರುತ್ತದೆಂದು ನಾವು ಯಾರೂ ಎಣಿಸಿರಲಿಲ್ಲ.

ಇನ್ನು ಪಠ್ಯಕ್ರಮ. 1995ರ ಅಂಗವಿಕಲರ ಕಾಯ್ದೆ, ಅದರಲ್ಲಿನ ಅಂಗವೈಕಲ್ಯದ ಏಳು ವರ್ಗಗಳು, ಸಮುದಾಯ ಆಧಾರಿತ ಪುನರ್ವಸತಿಯ ತತ್ವಗಳು ಎಂದೇನೋ ಇತ್ತು. ಪರೀಕ್ಷೆಗೆ ಉರು ಹೊಡೆದದ್ದೂ ನಿಜ, ಫಲಿತಾಂಶ ಬಂದ ವಾರಕ್ಕೆ ಮರೆತದ್ದೂ ನಿಜ.

ಮರೆಯದೆ ಉಳಿದದ್ದು ದೇವರಾಜ ಮಾರುಕಟ್ಟೆಯ ಹಸು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ಬಿಳಿಕೋಲು ಹಿಡಿದು, ಒಂದು ಮೊಳ ಮಲ್ಲಿಗೆ ಕೊಂಡು ಚಿಲ್ಲರೆ ಎಣಿಸಿ ತರಬೇಕೆಂಬುದು ನಮಗೆ ಕೊಟ್ಟ ಕೆಲಸ. ನಾಣ್ಯದ ಪಾಠ ಮೊದಲೇ ಆಗಿತ್ತು: ಆಗಿನ ಎರಡು ರೂಪಾಯಿಗೆ ಮೂಲೆಗಳಿದ್ದವು, ಐದರದ್ದು ದಪ್ಪ. ನಾನು ಮಹಾ ಜಾಣ. ಪಟ್ಟಿಯನ್ನು ಮೂಗಿನ ಪಕ್ಕ ಕೊಂಚ ಸಡಿಲ ಬಿಟ್ಟುಕೊಂಡೆ. ಕೆಳಗೆ ನೋಡಿದರೆ ನೆಲವೆಲ್ಲ ಕಾಣುತ್ತಿತ್ತು. ಬಾಳೆಹಣ್ಣಿನ ಸಾಲು, ಕುಂಕುಮದ ಗೋಪುರಗಳು, ಎಲ್ಲ ಸಲೀಸಾಗಿ ದಾಟಿ, ಹೂವು ಕೊಂಡು, ಒಂದು ಪೈಸೆ ತಪ್ಪದೆ ಚಿಲ್ಲರೆ ತಂದೆ. ಗೆಳೆಯರು ಚಪ್ಪಾಳೆ ತಟ್ಟಿದರು. ಹಿಂದೆಯೇ ನಡೆದು ಬಂದಿದ್ದ ಮೇಷ್ಟ್ರು ಮಾತ್ರ ತಟ್ಟಲಿಲ್ಲ.

‘ಹೂವಿನ ಸಾಲಿಗೆ ತಿರುಗುವಲ್ಲಿ ಏನಿತ್ತಯ್ಯಾ?’

‘ಏನೂ ಇರಲಿಲ್ಲ ಸಾರ್.’

‘ಹಸು ಮಲಗಿತ್ತು. ನನ್ನ ಕೋಲು ಅದರ ಬೆನ್ನಿಗೆ ತಗುಲಿತು. ನಿನ್ನ ಕೋಲಿನ ಸದ್ದು ಅದನ್ನು ಮುಟ್ಟದೆ ಸುತ್ತು ಹಾಕಿಕೊಂಡು ಹೋಯಿತು. ನಿನ್ನ ಕೋಲಿಗೆ ಕಣ್ಣಿದೆಯೇನು?’

ಇಡೀ ತಂಡ ನಕ್ಕಿತು. ಹೂವಿನಂಗಡಿಯಾಕೆಯೂ ನಕ್ಕಳು. ಶಿಕ್ಷೆಯಾಗಿ ಮೂರು ದಿನ ಹಾಸ್ಟೆಲಿನಲ್ಲಿ ಕಣ್ಣು ಕಟ್ಟಿಕೊಂಡೇ ಊಟ. ಪಟ್ಟಿಯನ್ನು ಅವರೇ ಬಿಗಿದರು. ತಟ್ಟೆಯನ್ನು ಗಡಿಯಾರವೆಂದುಕೊಳ್ಳಬೇಕು: ಆರಕ್ಕೆ ಅನ್ನ, ಮೂರಕ್ಕೆ ಪಲ್ಯ, ಒಂಬತ್ತಕ್ಕೆ ಉಪ್ಪಿನಕಾಯಿ. ಎರಡನೆಯ ದಿನ ನನ್ನ ಕೋಣೆಯ ಜೊತೆಗಾರ ಸದ್ದಿಲ್ಲದೆ ಮೂರನ್ನೂ ಒಂಬತ್ತನ್ನೂ ಅದಲು ಬದಲು ಮಾಡಿದ. ಪಲ್ಯವೆಂದುಕೊಂಡು ಹಿಡಿ ತುಂಬ ಮಾವಿನಕಾಯಿ ಹೋಳು ಬಾಯಿಗೆ ಹಾಕಿಕೊಂಡೆ. ಎದುರಿಗೇ ಕುಳಿತಿದ್ದ ಮೇಷ್ಟ್ರು ಅನ್ನ ಕಲಸುತ್ತಲೇ ಹೇಳಿದರು: ‘ಬಡಿಸುವವನು ಸುಳ್ಳು ಹೇಳಿದರೆ ಹೇಗಿರುತ್ತದೆ ಎಂದು ಗೊತ್ತಾಯಿತಲ್ಲ.’ ಅದಕ್ಕೆ ಅವರ ಒಪ್ಪಿಗೆ ಇತ್ತೆಂಬ ಗುಮಾನಿ ನನಗೆ ಇಂದಿಗೂ ಇದೆ.

ಇನ್ನೊಬ್ಬರು ನಮ್ಮ ಮೇಡಂ. ನಿತ್ಯದ ಕೆಲಸಗಳನ್ನು ಮಕ್ಕಳಿಗೆ ಕಲಿಸುವ ಪಾಠ ಅವರದು. ಒಂದು ದಿನ ನಮ್ಮನ್ನೆಲ್ಲ ತಲೆ ಹಿಂದಕ್ಕೆ ಬಾಗಿಸಿ ಕೂರಿಸಿ, ‘ಈಗ ನೀರು ಕುಡಿಯಿರಿ’ ಎಂದರು. ಅರ್ಧ ತರಗತಿ ಕೆಮ್ಮಿತು. ಮಲಗಿಸಿ ಉಣಿಸಬಾರದು, ತಲೆ ಮುಂದಕ್ಕೆ ಇರಬೇಕು ಎಂಬುದಕ್ಕೆ ಅವರು ಬೇರೆ ವಿವರಣೆ ಕೊಡಲೇ ಇಲ್ಲ. ನಂಜನಗೂಡಿನ ಕಡೆಯ ಹಳ್ಳಿಯೊಂದಕ್ಕೆ ಮನೆಭೇಟಿಗೆ ಕರೆದೊಯ್ದದ್ದೂ ಅವರೇ. ಎಂಟೊಂಬತ್ತು ವರ್ಷದ ಹುಡುಗ, ಮೆದುಳಿನ ಪಾರ್ಶ್ವವಾಯು (ಸೆರೆಬ್ರಲ್ ಪಾಲ್ಸಿ), ಎಡಗೈ ಮುಷ್ಟಿ ಬಿಚ್ಚುತ್ತಿರಲಿಲ್ಲ. ಬನಿಯನ್ ಹಾಕಿಕೊಳ್ಳುವುದನ್ನು ಕೊನೆಯಿಂದ ಕಲಿಸಬೇಕು. ತಲೆ ತೂರಿಸಿ, ಎರಡೂ ಕೈ ಹಾಕಿ, ಎದೆಯವರೆಗೆ ನಾವು ಇಳಿಸಬೇಕು. ಅಲ್ಲಿಂದ ಸೊಂಟದವರೆಗೆ ಅವನು ಎಳೆದುಕೊಳ್ಳಬೇಕು. ಹಾಗಾದರೆ ಕೆಲಸ ಮುಗಿಸಿದವನು ಅವನೇ ಆಗುತ್ತಾನೆ. ಆಮೇಲೆ ಒಂದೊಂದೇ ಹಂತ ಹಿಂದಕ್ಕೆ.

ಬಟ್ಟೆ ಮಡಿಕೆ ಬಿದ್ದು ಅವನ ಬೆನ್ನಿಗೆ ಸಿಕ್ಕಿಕೊಂಡಿತು. ನನ್ನ ಕೈ ತಾನಾಗಿ ಮುಂದೆ ಹೋಯಿತು. ‘ಕೈ ಹಿಂದೆ ಕಟ್ಟಿಕೊಳ್ಳಿ’ ಎಂದರು ಮೇಡಂ. ಕಟ್ಟಿಕೊಂಡೆವು. ಹುಡುಗ ಬಲಗೈಯಿಂದ ಮುಂದೆ ಎಳೆದ, ಹಿಂದೆ ಎಟುಕಲಿಲ್ಲ, ಗೋಡೆಗೆ ಒರಗಿ ಬೆನ್ನು ಉಜ್ಜಿದ. ‘ಒಲೆಯ ಮೇಲೆ ಹಾಲಿದೆ, ನಾನೇ ಹಾಕಿಬಿಡುತ್ತೇನೆ ಮೇಡಮ್ಮಾ’ ಎಂದರು ತಾಯಿ. ‘ನೀವು ಹಾಲು ನೋಡಿಕೊಳ್ಳಿ ತಾಯಿ, ಬನಿಯನ್ ಅವನು ನೋಡಿಕೊಳ್ಳುತ್ತಾನೆ.’ ತಾಯಿ ಕದಲಲಿಲ್ಲ. ಹಾಲು ಉಕ್ಕಿ ಕಮಟು ವಾಸನೆ ಮನೆಯೆಲ್ಲ ಹಬ್ಬಿತು. ಸುಮಾರು ಇಪ್ಪತ್ತು ನಿಮಿಷಕ್ಕೆ ಬನಿಯನ್ ಸೊಂಟಕ್ಕೆ ಬಂತು, ಹಿಂದು ಮುಂದಾಗಿ. ಹುಡುಗ ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದ. ಯಾರೂ ತಿರುಗಿಸಿ ಹಾಕಲು ಹೋಗಲಿಲ್ಲ.

ಈಗ ವರ್ಷಕ್ಕೊಮ್ಮೆ ನನ್ನನ್ನು ಅತಿಥಿ ಉಪನ್ಯಾಸಕ್ಕೆ ಕರೆಯುತ್ತಾರೆ. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಗುತ್ತದೆ. ಬೇಡವೆನ್ನುವಷ್ಟು ದೊಡ್ಡವನು ನಾನಲ್ಲ. ಈಗಿನ ಮಕ್ಕಳು 2016ರ ಕಾಯ್ದೆಯ 21 ವರ್ಗಗಳನ್ನೂ ಒಂದೇ ಉಸಿರಿಗೆ ಒಪ್ಪಿಸುತ್ತಾರೆ. ಗಾಲಿಕುರ್ಚಿಯನ್ನು ಕಡಿದಾದ ಇಳಿಜಾರಿನಲ್ಲಿ ಹೇಗೆ ಇಳಿಸುತ್ತೀರಿ ಎಂದರೆ ಮೊಬೈಲಿನಲ್ಲಿ ವಿಡಿಯೊ ಹುಡುಕುತ್ತಾರೆ. ಹಿಂದು ಹಿಂದಾಗಿ ಇಳಿಸಬೇಕು ಎಂಬುದು ಒಮ್ಮೆ ಕುರ್ಚಿಯಲ್ಲಿ ಕುಳಿತು ಮುಗ್ಗರಿಸುವಂತಾದರೆ ತಾನಾಗಿ ಗೊತ್ತಾಗುತ್ತದೆ, ಆದರೆ ಕೂರಿಸುವವರಿಲ್ಲ. ಒಂದು ಮಾತು ಮಾತ್ರ ಒಪ್ಪಬೇಕು. ಕಳೆದ ಸಲ ನಾನು ಹಳೆಯ ಅಭ್ಯಾಸದಿಂದ ‘ಬುದ್ಧಿಮಾಂದ್ಯ’ ಎಂದಾಗ ಹಿಂದಿನ ಬೆಂಚಿನ ಹುಡುಗಿ ಎದ್ದು, ‘ಸಾರ್, ಬೌದ್ಧಿಕ ಅಸಾಮರ್ಥ್ಯ’ ಎಂದು ತಿದ್ದಿದಳು. ಮೊದಲು ಸಿಟ್ಟು ಬಂತು. ಬ್ರೈಲ್ ಸ್ಲೇಟಿನ ಅಂಚು ನೆನಪಾಗಿ ಸುಮ್ಮನಾದೆ.

ಮೇಷ್ಟ್ರ ವೈಕುಂಠ ಸಮಾರಾಧನೆಗೆ ತಂಡದ ಹನ್ನೊಂದು ಜನ ಸೇರಿದ್ದೆವು. ಎಲ್ಲರಿಗೂ ತಲೆ ನರೆತಿದೆ, ಕೆಲವರಿಗೆ ತಲೆಯೇ ಬೋಳಾಗಿದೆ. ಪಂಕ್ತಿಯಲ್ಲಿ ನನ್ನ ಪಕ್ಕದ ಎಲೆ ಅದೇ ಜೊತೆಗಾರನದು. ಬಡಿಸಿ ಮುಗಿದ ಮೇಲೆ ‘ಕಣ್ಣು ಮುಚ್ಚಯ್ಯಾ’ ಎಂದ. ಮುಚ್ಚಿದೆ. ‘ಆರಕ್ಕೆ ಅನ್ನ, ಮೂರಕ್ಕೆ ಪಲ್ಯ, ಒಂಬತ್ತಕ್ಕೆ ಉಪ್ಪಿನಕಾಯಿ.’ ನಾನೇನು ಮತ್ತೆ ಮೋಸ ಹೋಗುವವನೇ? ನೇರ ಒಂಬತ್ತಕ್ಕೆ ಬೆರಳು ಇಟ್ಟೆ. ಉಂಡೆಯಾಗಿ ಏನೋ ತಗುಲಿತು. ಕಣ್ಣು ಬಿಟ್ಟರೆ ಲಾಡು, ಅವನ ಎಲೆಯದು.

‘ನನಗೆ ಸಕ್ಕರೆ ಕಾಯಿಲೆ’ ಎಂದ. ‘ಸುಮ್ಮನೆ ತಿನ್ನು.’