ತಡ ಯಾರದು, ಫಿಲ್ಮಿನದೋ ಪ್ರೀಆಂಪಿನದೋ?

ಪಿಎಚ್‌ಡಿ ದಿನಗಳಲ್ಲಿ ನನ್ನ ಪಾಲಿಗೆ ಬಂದಿದ್ದು ಪರ್ಮಲಾಯ್ ಫಿಲ್ಮ್. ಶೇ. 80ರಷ್ಟು ನಿಕಲ್, ಉಳಿದದ್ದು ಕಬ್ಬಿಣ. ದಪ್ಪ ಕೆಲವೇ ನ್ಯಾನೋಮೀಟರ್. ಅದರ ಎರಡೂ ಬದಿಗೆ ಕಾಯಿಲ್, ಎದುರಿಗೆ ಕೆಂಪು ಲೇಸರ್. ಫಿಲ್ಮಿನ ಕಾಂತತೆ ದಿಕ್ಕು ಬದಲಿಸಿದರೆ, ಪ್ರತಿಫಲಿಸಿ ಬರುವ ಬೆಳಕಿನ ಧ್ರುವೀಕರಣ ತುಸು ತಿರುಗುತ್ತದೆ. ಜಾನ್ ಕೆರ್ 1877ರಲ್ಲೇ ಇದರ ಬಗ್ಗೆ ಬರೆದಿದ್ದ. ತುಸು ಅಂದರೆ ತೀರಾ ತುಸು, ಒಂದು ಡಿಗ್ರಿಯ ಸಣ್ಣ ಪಾಲು. ಪಕ್ಕದ ರೂಮಿನಲ್ಲಿ ಯಾರಾದರೂ ಬಾಗಿಲು ದಡಾರನೆ ಹಾಕಿದರೆ ಸಾಕು, ಸಿಗ್ನಲ್ ಕುಣಿಯುತ್ತಿತ್ತು. ಹಾಗಾಗಿ ರಾತ್ರಿಯೇ ಅಳೆಯುತ್ತಿದ್ದೆ.

ಅವತ್ತು ಕಾಯಿಲಿನ ಕರೆಂಟಿನ ಫ್ರೀಕ್ವೆನ್ಸಿ ಏರಿಸುತ್ತಾ ಹೋದೆ. ಕ್ಷೇತ್ರದ ಎದುರು ಕಾಂತತೆಯನ್ನು ಗುರುತಿಸಿದರೆ ಸ್ಕ್ರೀನ್ ಮೇಲೆ ಒಂದು ಮುಚ್ಚಿದ ಗೆರೆ ಬರುತ್ತದೆ, ಅದೇ ಲೂಪ್. ಒಂದು ಹರ್ಟ್ಸ್‌ನಲ್ಲಿ ಲೂಪ್ ಕಿರಿದಾಗಿತ್ತು, ಅಂಚು ನೆಟ್ಟಗಿತ್ತು. ಕೆಲವು ನೂರು ದಾಟಿದ ಮೇಲೆ ಅಗಲವಾಯಿತು, ಮೂಲೆಗಳು ದುಂಡಗಾದವು. ಖುಷಿಯಾಯಿತು. ಕಾಂತತೆ ಒಮ್ಮೆಲೇ ತಿರುಗುವುದಿಲ್ಲ. ಊಟಕ್ಕೆ ಕರೆದರೆ "ಬಂದೆ, ಬಂದೆ" ಅನ್ನುತ್ತಾ ಕೂತೇ ಇರುವವರ ಹಾಗೆ. ಮೊದಲು ಅಲ್ಲಲ್ಲಿ ಪುಟ್ಟ ಜಾಗಗಳು ತಿರುಗಬೇಕು, ಆಮೇಲೆ ಅವುಗಳ ಗಡಿ ಸರಿಯುತ್ತಾ ಹರಡಬೇಕು. ಅಷ್ಟರಲ್ಲಿ ಕಾಯಿಲಿನ ಕ್ಷೇತ್ರ ಇನ್ನೂ ಮೇಲೇರಿರುತ್ತದೆ. ಲೂಪ್ ಅಗಲವಾಗುವುದು ಅದಕ್ಕೇ.

ಬೆಳಿಗ್ಗೆ ಸೀನಿಯರ್ ಪ್ಲಾಟ್ ನೋಡಿದರು. "ಚೆನ್ನಾಗಿದೆ. ಆದ್ರೆ ತಡ ಮಾಡ್ತಿರೋದು ಫಿಲ್ಮೋ, ನಿನ್ನ ಪ್ರೀಆಂಪೋ?"

ನ್ಯಾಯವಾದ ಪ್ರಶ್ನೆ ಅಲ್ವಾ? ಬೆಳಕು ಹಿಡಿಯುವ ಫೋಟೋಡಯೋಡಿನ ಸಣ್ಣ ಸಿಗ್ನಲನ್ನು ದೊಡ್ಡದು ಮಾಡುವ ಪ್ರೀಆಂಪೂ ತಡ ಮಾಡಬಹುದು. ಲೇಸರ್ ಆರಿಸಿ, ಫೋಟೋಡಯೋಡ್ ಮುಂದೆ ಒಂದು ಎಲ್‌ಇಡಿ ಇಟ್ಟೆವು. ಸಿಗ್ನಲ್ ಜನರೇಟರಿನಿಂದಲೇ ಅದನ್ನು ಮಿನುಗಿಸಿದೆವು. ಎಲ್‌ಇಡಿಗೆ ಹಿಸ್ಟರೆಸಿಸ್, ಅಂದರೆ ಫಿಲ್ಮಿನ ಹಾಗೆ ಹಿಂದುಳಿಯುವ ಗುಣ, ಇಲ್ಲ. ಒಂದು ಸಿಗ್ನಲನ್ನು ಇನ್ನೊಂದರ ಎದುರು ತೋರಿಸುವ ಎಕ್ಸ್-ವೈ ಮೋಡ್‌ನಲ್ಲಿ ಬರೀ ಗೆರೆ ಬರಬೇಕು. ಕಡಿಮೆ ಫ್ರೀಕ್ವೆನ್ಸಿಯಲ್ಲಿ ಗೆರೆಯೇ ಬಂತು. ಏರಿಸಿದಂತೆ ಅದು ಮೆಲ್ಲಗೆ ಬಾಯಿ ತೆರೆದು ಮೊಟ್ಟೆಯಾಕಾರವಾಯಿತು! ಅಷ್ಟು ತಡ ಪ್ರೀಆಂಪಿನದು.

ಕಾಯಿಲಿಂದೂ ಒಂದು ತಕರಾರು. ಫ್ರೀಕ್ವೆನ್ಸಿ ಏರಿದಷ್ಟೂ ಇಂಡಕ್ಟೆನ್ಸಿನಿಂದ ಕರೆಂಟ್ ಇಳಿಯುತ್ತದೆ. ಸರಣಿಯಲ್ಲಿ ರೆಸಿಸ್ಟರ್ ಹಾಕಿ ನಿಜವಾದ ಕರೆಂಟನ್ನೇ ಅಳೆದು, ಪ್ರತಿ ಸಲ ವೋಲ್ಟೇಜ್ ಏರಿಸಿ ಕ್ಷೇತ್ರವನ್ನು ಸಮ ಮಾಡಿಕೊಂಡೆ.

ಪ್ರೀಆಂಪಿನ ಪಾಲು ಕಳೆದ ಮೇಲೂ ಲೂಪ್ ಅಗಲವೇ ಇತ್ತು, ಮೊದಲಿನಷ್ಟಲ್ಲ ಅಷ್ಟೇ. ಟ್ರಾನ್ಸ್‌ಫಾರ್ಮರ್ ಕೋರ್ ಆಗಿದ್ದರೆ ಎಡ್ಡಿ ಕರೆಂಟ್ (ಲೋಹದೊಳಗೇ ಸುತ್ತುವ ಕರೆಂಟ್) ಮೇಲೆ ಹೊರಿಸಬಹುದಿತ್ತು. ಇಷ್ಟು ತೆಳು ಫಿಲ್ಮಿನಲ್ಲಿ, ಈ ಫ್ರೀಕ್ವೆನ್ಸಿಗಳಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಲೂಪಿನ ಅಗಲವನ್ನು ಫ್ರೀಕ್ವೆನ್ಸಿಯ ಎದುರು ಲಾಗ್ ಸ್ಕೇಲಿನಲ್ಲಿ ಹಾಕಿದರೆ ಮೊದಲು ನಿಧಾನದ ಏರು, ಆಮೇಲೆ ಕಡಿದಾದ ಏರು. ಲೂಪಿನ ವಿಸ್ತೀರ್ಣ ಫ್ರೀಕ್ವೆನ್ಸಿಯ ಎಷ್ಟನೇ ಘಾತದಂತೆ ಬೆಳೆಯುತ್ತದೆ ಅನ್ನುವುದಕ್ಕೆ ಪೇಪರುಗಳಲ್ಲಿ ಒಬ್ಬೊಬ್ಬರದು ಒಂದೊಂದು ಅಂಕಿ. ಫಿಲ್ಮುಗಳೇ ಬೇರೆ ಬೇರೆ, ಸರಿ. ಆದರೂ ಅಂಥ ಪೇಪರ್ ಕೈಗೆ ಬಂದರೆ ನಾನು ಮೊದಲು ಹುಡುಕುವುದು ಡಿಟೆಕ್ಟರ್ ಬಗ್ಗೆ ಬರೆದ ಪ್ಯಾರಾವನ್ನೇ.