ಗೇರುಮರದಡಿಯ ಸೈಟ್ ವಿಸಿಟ್

ಮಳೆಗಾಲದಲ್ಲಿ ಕಾಸರಗೋಡು ಜಿಲ್ಲೆಯ ನಮ್ಮ ಪೆರ್ಲದ ಕಡೆ ಕರೆಂಟು ಹೋದರೆ ಯಾಕೆ ಹೋಯಿತು ಅಂತ ಯಾರೂ ಕೇಳುವುದಿಲ್ಲ. ಯಾವ ಮರ ಬಿತ್ತು ಅಂತ ಕೇಳುತ್ತಾರೆ. 2024ರ ಜುಲೈಯ ಆ ಬೆಳಿಗ್ಗೆಯ ಹಿಂದಿನ ಸಂಜೆ ಬಿದ್ದದ್ದು ಒಂದು ಹಲಸಿನ ಮರ. ಕರೆಂಟಿನ ಲೈನಿನ ಜೊತೆಗೆ ಇಂಟರ್‌ನೆಟ್ಟಿನ ಫೈಬರ್ ವಯರನ್ನೂ ಎಳೆದುಕೊಂಡೇ ಬಿದ್ದಿತ್ತು. ಇನ್ವರ್ಟರ್ ರಾತ್ರಿ ಎರಡರ ಹೊತ್ತಿಗೇ ಕೂಗಿ ಕೂಗಿ ಸುಮ್ಮನಾಗಿತ್ತು. ಲ್ಯಾಪ್‌ಟಾಪಿನಲ್ಲಿ 61 ಪರ್ಸೆಂಟ್ ಚಾರ್ಜ್. ಹತ್ತೂವರೆಗೆ ದುಬೈಯ ಸೈಟಿನಿಂದ ವಿಡಿಯೋ ಕಾಲ್ ಇತ್ತು. ಅಲ್ಲಿಗೆ ಆಗ ಒಂಬತ್ತು ಗಂಟೆ.

ನನ್ನ ಕೆಲಸ ಎಂತದ್ದು ಅಂತ ಊರಿನಲ್ಲಿ ಯಾರಿಗೂ ಸರಿಯಾಗಿ ಅರ್ಥ ಆಗುವುದಿಲ್ಲ. ತಪ್ಪು ಅವರದ್ದಲ್ಲ. ಸ್ಪ್ರಿಂಕ್ಲರ್ ಅಂದರೆ ನಮ್ಮಲ್ಲಿ ಅಡಿಕೆ ತೋಟದ ಜೆಟ್. ‘ಸ್ಪ್ರಿಂಕ್ಲರ್ ಡಿಸೈನ್ ಮಾಡ್ತೇನೆ’ ಅಂದದ್ದಕ್ಕೆ ಮದುವೆಮನೆಯೊಂದರಲ್ಲಿ ಒಬ್ಬರು, ಎರಡೂವರೆ ಎಕರೆಗೆ ಎಷ್ಟು ಪೈಪು ಬೇಕಾದೀತು ಅಂತ ಎಲೆಯ ಎದುರೇ ಲೆಕ್ಕ ಕೇಳಿದ್ದರು. ‘ಬೆಂಕಿಗೆ ಸಂಬಂಧಪಟ್ಟದ್ದು’ ಅಂದರೆ ಅದು ಇನ್ನೊಂದು ಫಜೀತಿ. ‘ಅಲ್ಲಿ ಬೆಂಕಿ ಹಿಡಿದರೆ ನೀನು ಇಲ್ಲಿಂದ ಹೋಗಿ ತಲುಪುವಾಗ ಎಂತ ಉಳಿದೀತು?’ ಅಂತ ಅತ್ತೆಯ ಅಕ್ಕ ಕೇಳಿದ್ದು ಈಗಲೂ ನಮ್ಮ ಮನೆಯಲ್ಲಿ ನಗೆಯ ಮಾತು.

ನಾನು ಮಾಡುವುದು ಕಟ್ಟಡಗಳಿಗೆ ಫೈರ್ ಸ್ಪ್ರಿಂಕ್ಲರಿನ ಡ್ರಾಯಿಂಗ್ ಮತ್ತು ಲೆಕ್ಕ. ಚಾವಣಿಯಲ್ಲಿ ಎಲ್ಲೆಲ್ಲಿ ನೀರು ಚಿಮ್ಮಿಸುವ ಹೆಡ್ ಬರಬೇಕು, ಯಾವ ಪೈಪು ಎಷ್ಟು ದಪ್ಪ ಇರಬೇಕು, ಪಂಪು ಎಷ್ಟು ನೀರು ಎಷ್ಟು ಒತ್ತಡದಲ್ಲಿ ಕೊಡಬೇಕು ಅಂತ ತೀರ್ಮಾನಿಸುವುದು. 2020ರಲ್ಲಿ, ಕೊರೋನಾ ಸಮಯದ ವಂದೇ ಭಾರತ್ ವಿಮಾನದಲ್ಲಿ ದುಬೈಯಿಂದ ವಾಪಸ್ ಬಂದೆ. ಆಫೀಸಿನವರು ‘ಸದ್ಯಕ್ಕೆ ಮನೆಯಿಂದ ಮಾಡಿ’ ಅಂದರು. ಆ ಸದ್ಯ ಇನ್ನೂ ಮುಗಿದಿಲ್ಲ.

ಮೇಜಿನ ಮೇಲೆ ಒಂದು ಸ್ಯಾಂಪಲ್ ಹೆಡ್ ಇಟ್ಟುಕೊಂಡಿದ್ದೇನೆ. ಹಿತ್ತಾಳೆಯದ್ದು, ಹೆಬ್ಬೆರಳಿನಷ್ಟು ಉದ್ದ. ನಡುವೆ 3 ಮಿಲಿಮೀಟರ್ ದಪ್ಪದ ಗಾಜಿನ ಕಡ್ಡಿ, ಅದರೊಳಗೆ ಕೆಂಪು ದ್ರವ, ದ್ರವದಲ್ಲಿ ಒಂದು ಪುಟ್ಟ ಗುಳ್ಳೆ. ಮೊದಲ ಸಲ ನೋಡಿದಾಗ ಅತ್ತೆ ‘ಗುಲಗಂಜಿಯ ಹಾಗೆ ಉಂಟಲ್ಲ’ ಅಂದಿದ್ದರು. ಬಿಸಿ ಏರಿದ ಹಾಗೆ ದ್ರವ ಹಿಗ್ಗಿ ಗುಳ್ಳೆ ಕಾಣೆಯಾಗುತ್ತದೆ. 68 ಡಿಗ್ರಿಗೆ ಗಾಜು ಒಡೆಯುತ್ತದೆ. ಅಷ್ಟೇ, ನೀರು ಬರಲು ಶುರು. ‘ಒಂದು ಕಡೆ ಹೊಗೆ ಎದ್ದರೆ ಎಲ್ಲವೂ ಒಟ್ಟಿಗೆ ನೀರು ಬಿಡುವುದಲ್ವಾ?’ ಅಂತ ಅತ್ತೆ ಕೇಳಿದ್ದರು. ಸಿನಿಮಾದಲ್ಲಿ ಹಾಗೇ ತೋರಿಸುತ್ತಾರೆ. ನಿಜದಲ್ಲಿ ಹೊಗೆಗೆ ಅದು ಅಲ್ಲಾಡುವುದೂ ಇಲ್ಲ. ಯಾವುದರ ಗಾಜು ಬಿಸಿಯಾಯಿತೋ ಅದೊಂದೇ ನೀರು ಬಿಡುತ್ತದೆ.

ಲೆಕ್ಕದ ವಿಷಯದಲ್ಲಿ ಮನೆಯಲ್ಲಿ ನನಗೆ ಸರಿಸಾಟಿ ಅಂದರೆ ಮಾವ. ಅವರು ಹೈಡ್ರಾಲಿಕ್ಸ್ ಓದಿದವರಲ್ಲ. ಆದರೆ ತೋಟಕ್ಕೆ ಪೈಪು ಹಾಕುವಾಗ ಪಂಪಿನ ಹತ್ತಿರದ ಜೆಟ್ಟನ್ನು ಅವರು ನೋಡುವುದೇ ಇಲ್ಲ. ನೇರ ನಡೆದು ಗುಡ್ಡೆಯ ಬುಡದಲ್ಲಿರುವ ಕೊನೆಯ ಜೆಟ್ಟಿನ ಹತ್ತಿರ ಹೋಗಿ ನಿಲ್ಲುತ್ತಾರೆ. ‘ಅದು ತಿರುಗಿದರೆ ಉಳಿದದ್ದು ತಿರುಗದೆ ಎಲ್ಲಿಗೆ ಹೋಗುತ್ತದೆ?’ ಅನ್ನುವುದು ಅವರ ವಾದ. ನಾವು ಮಾಡುವುದೂ ಅದನ್ನೇ. ಪಂಪಿನ ನೀರಿಗೆ ತಲುಪಲು ಅತಿ ಕಷ್ಟವಾದ ಜಾಗವನ್ನು ಹುಡುಕುತ್ತೇವೆ. ಎನ್‌ಎಫ್‌ಪಿಎ 13 ಅನ್ನುವ ಅಮೆರಿಕದ ನಿಯಮಪುಸ್ತಕದ ಪ್ರಕಾರ, ಊಟದ ಹಾಲಿನಂಥ ಕಡೆ ಆ ತುದಿಯ 139 ಚದರ ಮೀಟರಿಗೆ, ಪ್ರತಿ ಚದರ ಮೀಟರಿಗೆ ನಿಮಿಷಕ್ಕೆ 4.1 ಲೀಟರ್ ನೀರು ಬೀಳಬೇಕು. ಅಲ್ಲಿಂದ ಹಿಂದಕ್ಕೆ ಪಂಪಿನ ತನಕ ಲೆಕ್ಕ ಹಾಕುತ್ತ ಬರುವುದು. ಆ ತುದಿಗೆ ನಮ್ಮವರು ಇಟ್ಟ ಹೆಸರು ‘ರಿಮೋಟ್ ಏರಿಯಾ’. ನಮ್ಮೂರಿನ ಎನ್ಮಕಜೆ ಪಂಚಾಯತಿನಲ್ಲಿ ಕೂತು ರಿಮೋಟ್ ಏರಿಯಾದ ಲೆಕ್ಕ ಮಾಡುವವಳು ಅಂತ ಆಫೀಸಿನಲ್ಲಿ ನನ್ನನ್ನು ತಮಾಷೆ ಮಾಡುವುದುಂಟು.

ಸರಿ, ಆ ಬೆಳಿಗ್ಗೆಗೆ ಬರುತ್ತೇನೆ. ಮನೆಯೊಳಗೆ ಮೊಬೈಲಿಗೆ ಸಿಗ್ನಲ್ ಇಲ್ಲ. ಇರುವುದು ಗುಡ್ಡೆಯ ಮೇಲೆ, ಗೇರುಮರದ ಅಡಿಯಲ್ಲಿ. ಲ್ಯಾಪ್‌ಟಾಪನ್ನು ಅಡಿಕೆ ಅಂಗಳದ ಪ್ಲಾಸ್ಟಿಕ್ ಶೀಟಿನಲ್ಲಿ ಮಗುವನ್ನು ಸುತ್ತುವ ಹಾಗೆ ಸುತ್ತಿಕೊಂಡೆ. ಮಾವ ಮುಟ್ಟಾಳೆ ತಲೆಗಿಟ್ಟು, ದೊಡ್ಡ ಕೊಡೆ ಹಿಡಿದು ಜೊತೆಗೆ ಹೊರಟರು. ತೋಟಕ್ಕೆ ಮದ್ದು ಬಿಡುವವರು ಮಳೆ ಬಿಡಲಿ ಅಂತ ಕೊಟ್ಟಿಗೆಯಲ್ಲಿ ಬೀಡಿ ಎಳೆಯುತ್ತ ಕೂತಿದ್ದರು. ಹೇಗೂ ಅವರಿಗೂ ಕೆಲಸ ಇಲ್ಲ, ಮಾವನಿಗೂ ಇಲ್ಲ.

ಮುರಕಲ್ಲಿನ ಮೇಲೆ ಕೂತೆ. ಮೂರು ಕಡ್ಡಿ ಸಿಗ್ನಲ್. ಉಂಬುಳು, ಅಂದರೆ ಜಿಗಣೆ, ಹತ್ತದ ಹಾಗೆ ಕಾಲು ಮೇಲೆ ಮಡಚಿಕೊಂಡೆ. ಮಾವ ಕೊಡೆಯನ್ನು ನನಗಲ್ಲ, ಲ್ಯಾಪ್‌ಟಾಪಿಗೆ ಹಿಡಿದರು.

ಆ ಸೈಟು ಕಾರ್ಮಿಕರಿಗೆ ಉಳಿಯಲು ಕಟ್ಟುತ್ತಿದ್ದ ಕಟ್ಟಡ. ಆ ದಿನ ನೋಡಬೇಕಾದದ್ದು ಕೆಳಗಿನ ಊಟದ ಹಾಲ್. ಮರುದಿನ ಪೈಪಿನ ಟೆಸ್ಟ್ ಇತ್ತು. 13.8 ಬಾರ್ ಒತ್ತಡ ಏರಿಸಿ ಎರಡು ಗಂಟೆ ಹಾಗೇ ನಿಲ್ಲಿಸಬೇಕು, ಎಲ್ಲೂ ಒಂದು ಹನಿ ಸೋರಬಾರದು. ಅದಕ್ಕೆ ಮೊದಲು ಎಲ್ಲ ನನ್ನ ಡ್ರಾಯಿಂಗಿನ ಹಾಗೇ ಇದೆಯಾ ಅಂತ ವಿಡಿಯೋದಲ್ಲಿ ನೋಡಿ ಹೇಳುವುದು ನನ್ನ ಕೆಲಸ. ಈಗ ಇದೆಲ್ಲ ಸಾಮಾನ್ಯ ಆಗಿದೆ. ದೂರದಿಂದ ತಪಾಸಣೆ ಮಾಡುವುದು ಹೇಗೆ ಅಂತಲೇ ಎನ್‌ಎಫ್‌ಪಿಎ 915 ಅಂತ ಬೇರೆ ನಿಯಮ ಬಂದಿದೆ.

ಸೈಟ್ ಎಂಜಿನಿಯರ್ ಹಿಂದಿಯಲ್ಲಿ ಮಾತಾಡುತ್ತಿದ್ದರು. ಫೋನ್ ಹಿಡಿದು, ಕೆಲಸದವರನ್ನು ಮೇಲಕ್ಕೆತ್ತುವ ಲಿಫ್ಟಿನ ಮೇಲೆ ಚಾವಣಿಯ ಹತ್ತಿರ ನಿಂತಿದ್ದವನು ಒಬ್ಬ ಫಿಟ್ಟರ್. ಹೆಡ್‌ಗಳ ನಡುವಿನ ಅಂತರ ಸರಿ ಇತ್ತು. ಗೋಡೆಯಿಂದ ದೂರ ಸರಿ ಇತ್ತು. ನಾನು ‘ಓಕೆ, ನೆಕ್ಸ್ಟ್’ ಅನ್ನುತ್ತಾ ಹೋದೆ. ಚಾರ್ಜ್ 48 ಆಗಿತ್ತು, ಸ್ವಲ್ಪ ಅವಸರವೂ ಇತ್ತು. ಅಷ್ಟರಲ್ಲಿ ಗಾಳಿ ಬೀಸಿ ಮಳೆಯ ಎರಚಲು ಕೀಬೋರ್ಡಿಗೆ ಹೊಡೆಯಿತು.

‘ಮಗಾ, ಸ್ವಲ್ಪ ಈಚೆ ಜರುಗು, ಚಂಡಿ ಆಗ್ತದೆ’ ಅಂದರು ಮಾವ.

ವಿಡಿಯೋ ಒಂದು ಕ್ಷಣ ಅಲ್ಲಾಡಿತು. ಫಿಟ್ಟರಿನ ಮುಖ ಪೂರ್ತಿ ಸ್ಕ್ರೀನಿಗೆ ಬಂತು. ‘ಮೇಡಂ, ನೀವು ಎಲ್ಲಿಯವರು?’ ಶುದ್ಧ ನಮ್ಮ ಕಡೆಯ ಕನ್ನಡ.

‘ಪೆರ್ಲ.’

‘ಅಯ್ಯೋ, ನಾನು ಉಪ್ಪಳದವ ಅಕ್ಕಾ!’

ಅಲ್ಲಿಗೆ ಮೇಡಂ ಮುಗಿಯಿತು. ಮುಂದೆ ಎಲ್ಲ ಅಕ್ಕಾ. ಮಾವ ಕೊಡೆಯ ಅಡಿಯಿಂದ ತಲೆ ತುರುಕಿ ಉಪ್ಪಳದಲ್ಲಿ ಎಲ್ಲಿ, ಯಾರ ಪೈಕಿ ಅಂತೆಲ್ಲ ವಿಚಾರಿಸಿದರು. ಸೈಟ್ ಎಂಜಿನಿಯರ್ ಪಾಪ ಸುಮ್ನೆ ನಿಂತಿದ್ದರು.

‘ಅಕ್ಕಾ, ಒಂದು ಕೇಳಬೇಕಂತ ಇತ್ತು’ ಅಂದ ಅವನು, ಈಗ ಸ್ವಲ್ಪ ತಗ್ಗಿದ ದನಿಯಲ್ಲಿ. ‘ಇಲ್ಲಿ ಎಸಿ ಡಕ್ಟ್ ಉಂಟಲ್ಲ, ಇದು ಡ್ರಾಯಿಂಗಿನ ಡಕ್ಟ್ ಅಲ್ಲ. ಸರ್ ಹತ್ರ ಹೇಳಿದೆ. ಮೇಡಂ ಓಕೆ ಮಾಡಿದ್ದಾರೆ ಅಂದರು.’

ಟೇಪ್ ಹಿಡಿದು ತೋರಿಸು ಅಂದೆ. ಅವನು ಡಕ್ಟಿನ, ಅಂದರೆ ಎಸಿಯ ಗಾಳಿ ಹೋಗುವ ಆ ದೊಡ್ಡ ಕೊಳವೆಯ, ಈ ಅಂಚಿಗೆ ಟೇಪಿನ ಕೊಕ್ಕೆ ಸಿಕ್ಕಿಸಿ ಆ ಅಂಚಿಗೆ ಎಳೆದ. ಫೋನು ಹತ್ತಿರ ಬಂತು. ಸಿಮೆಂಟು ಹಿಡಿದ ಹೆಬ್ಬೆರಳಿನ ಉಗುರು 1350ರ ಗೀಟಿನ ಮೇಲೆ ನಿಂತಿತ್ತು.

ನನ್ನ ಡ್ರಾಯಿಂಗಿನಲ್ಲಿ ಅದು 1000 ಮಿಲಿಮೀಟರ್. ಅಲ್ಲಿ ತೊಲೆಯೊಂದು ಅಡ್ಡ ಬಂದದ್ದಕ್ಕೆ ಎಸಿಯವರು ಡಕ್ಟಿನ ಎತ್ತರ ಇಳಿಸಿ ಅಗಲ ಜಾಸ್ತಿ ಮಾಡಿದ್ದರು. ಬದಲಾದ ಡ್ರಾಯಿಂಗ್ ನನಗೆ ಬಂದಿರಲಿಲ್ಲ. ಇದು ಯಾಕೆ ದೊಡ್ಡ ವಿಷಯ ಅಂದರೆ, ಅಡ್ಡ ಇರುವ ವಸ್ತು 1.2 ಮೀಟರಿಗಿಂತ ಅಗಲ ಇದ್ದರೆ ಮೇಲಿನ ಹೆಡ್ಡಿನ ನೀರು ಅದರ ಅಡಿಗೆ ತಲುಪುವುದಿಲ್ಲ. ಕೊಡೆಯ ಅಡಿಯಲ್ಲಿ ನಿಂತ ಹಾಗೆ. ಆಗ ಅದರ ಅಡಿಯಲ್ಲೂ ಹೆಡ್ ಹಾಕಲೇಬೇಕು. ಆ ಡಕ್ಟಿನ ಕೆಳಗೆ ಉದ್ದಕ್ಕೂ ಊಟದ ಮೇಜುಗಳು ಬರುವುದಿತ್ತು.

ತಪ್ಪು ಎಸಿಯವರದ್ದು ಅಂತ ಹೇಳಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಹಾಲನ್ನು ಓಕೆ ಮಾಡಿದ್ದು ನಾನೇ. ಕಂಪ್ಯೂಟರಿನ ಮಾಡೆಲಿನಲ್ಲಿ ಪೈಪು, ಡಕ್ಟ್, ಕೇಬಲ್ ಎಲ್ಲ ಒಟ್ಟಿಗೆ ಕೂರಿಸಿ ಒಂದಕ್ಕೊಂದು ತಾಗುತ್ತದಾ ನೋಡುತ್ತೇವೆ. ಅದಕ್ಕೆ ಕ್ಲಾಶ್ ಚೆಕ್ ಅನ್ನುತ್ತಾರೆ. ಆ ಹಾಲಿನಲ್ಲಿ ಕ್ಲಾಶ್ ಸೊನ್ನೆ. ಸೊನ್ನೆ ನೋಡಿ ಸಮಾಧಾನ ಪಟ್ಟುಕೊಂಡಿದ್ದೆ. ಆ ಸೊನ್ನೆಯ ಅರ್ಥ ಇಷ್ಟೇ: ನನ್ನ ಡ್ರಾಯಿಂಗೂ ಎಸಿಯವರ ಹಳೇ ಡ್ರಾಯಿಂಗೂ ಜಗಳವಾಡುತ್ತಿಲ್ಲ. ಕಟ್ಟಡದ ಹತ್ತಿರ ಯಾರೂ ಕೇಳಿಯೇ ಇಲ್ಲ. ಐದು ನಿಮಿಷದ ಹಿಂದೆ ನಾನೇ ‘ಓಕೆ, ನೆಕ್ಸ್ಟ್’ ಅಂತ ಅದೇ ಡಕ್ಟನ್ನು ದಾಟಿ ಹೋಗಿದ್ದೆ. ವಿಡಿಯೋದಲ್ಲಿ ಒಂದು ಮೀಟರೂ 1.35 ಮೀಟರೂ ಒಂದೇ ಥರ ಕಾಣುತ್ತದೆ.

ನಮ್ಮಲ್ಲಿ ಫೈರ್ ಅಂಡ್ ಸೇಫ್ಟಿ ಕೋರ್ಸ್ ಮಾಡಿದ ಹುಡುಗರು, ಹುಡುಗಿಯರು ಈಗ ಜಾಸ್ತಿ. ‘ಅಕ್ಕಾ, ಮನೆಯಿಂದ ಮಾಡುವ ಕೆಲಸ ಇದ್ದರೆ ಹೇಳಿ’ ಅಂತ ಕೇಳುತ್ತಾರೆ. ಡ್ರಾಯಿಂಗ್, ಲೆಕ್ಕ, ರಿಪೋರ್ಟ್, ಬೇರೆಯವರ ಪ್ಲಾನ್ ಪರಿಶೀಲನೆ, ಇದೆಲ್ಲ ಮನೆಯಿಂದ ಆಗುತ್ತದೆ. ಆದರೆ ಮೊದಲು ಎರಡು ವರ್ಷ ಸೈಟಿನ ಧೂಳು ತಿನ್ನಿ ಅನ್ನುತ್ತೇನೆ. ಅವರಿಗೆ ಅದು ಇಷ್ಟ ಆಗುವುದಿಲ್ಲ. ನಾನೇ ಮೂರು ವರ್ಷ ತಿಂದಿದ್ದೆ, ಆದರೂ ಆ ದಿನ ಹೀಗಾಯಿತು.

ರಿಪೇರಿ ಮಾತ್ರ ಸುಲಭದಲ್ಲಿ ಆಯಿತು. ಇಂಥ ಡಕ್ಟಿನ ಅಡಿಯ ಹೆಡ್‌ಗಳ ನೀರನ್ನು ಮೇಲಿನ ಲೆಕ್ಕಕ್ಕೆ ಕೂಡಿಸಬೇಕಾಗಿಲ್ಲ. ಹಾಗಾಗಿ ಪಂಪಿನ ತನಕ ಹಿಂದೆ ಹೋಗುವ ಕೆಲಸ ತಪ್ಪಿತು. ಹತ್ತಿರದ ಬ್ರಾಂಚ್ ಲೈನಿನಿಂದ ಡಕ್ಟಿನ ಅಡಿಗೆ ಪೈಪು ಇಳಿಸಿ ಎರಡು ಹೆಡ್. ಗೇರುಮರದ ಅಡಿಯಲ್ಲೇ ಸ್ಕೆಚ್ ಮಾಡಿ ಕಳಿಸಿದೆ. ಚಾರ್ಜ್ 22. ಸೈಟ್ ಎಂಜಿನಿಯರ್ ಟೆಸ್ಟನ್ನು ಒಂದು ದಿನ ಮುಂದೆ ಹಾಕಿದರು, ಖುಷಿಯಿಂದ ಅಲ್ಲ. ಮಾವ ಮಾತ್ರ ಪಂಪಿನ ವಿಷಯ ಬಿಡಲಿಲ್ಲ. ಕರೆಂಟು ಹೋದರೆ ಆ ಪಂಪು ಎಂತ ಮಾಡುತ್ತದೆ ಅಂತ ಅವರ ಪ್ರಶ್ನೆ. ಅದಕ್ಕೆಂದೇ ಪಕ್ಕದಲ್ಲಿ ಡೀಸೆಲ್ ಪಂಪು ಇಡುತ್ತೇವೆ ಅಂದೆ. ‘ನಮ್ಮ ಸುರಂಗಕ್ಕೆ ಡೀಸೆಲೂ ಬೇಡ’ ಅಂದರು. ನಿಜವೇ. ಗುಡ್ಡೆಯನ್ನು ಅಡ್ಡಕ್ಕೆ ಕೊರೆದು ಅವರ ಅಜ್ಜ ಮಾಡಿಸಿದ ಸುರಂಗದ ನೀರು ಆ ಹೊತ್ತಿಗೂ, ಊರಿಗೆಲ್ಲ ಕರೆಂಟಿಲ್ಲದಾಗಲೂ, ಅಡುಗೆಮನೆಯ ನಲ್ಲಿಗೆ ತಾನಾಗಿ ಇಳಿದು ಬರುತ್ತಿತ್ತು.

ಎಂಜಿನಿಯರ್ ಆಚೆ ಹೋದ ಮೇಲೆ ಫಿಟ್ಟರ್ ಕಾಲ್ ಕಟ್ ಮಾಡಲಿಲ್ಲ.

‘ಅಕ್ಕಾ, ಇದೆಲ್ಲ ಇಲ್ಲಿ ಹಾಕ್ತೇವಲ್ಲ. ನಾವು ಇರುವ ಬಿಲ್ಡಿಂಗಲ್ಲಿ ಇದು ಒಂದೂ ಇಲ್ಲ. ಹಳೇದು. ಏನಾದರೂ ಆದರೆ ಎಂತ ಮಾಡುವುದು?’

ಯಾಕೆ ಕೇಳುತ್ತಿದ್ದಾನೆ ಅಂತ ಹೇಳಬೇಕಾಗಿರಲಿಲ್ಲ. ಜೂನ್ 12ಕ್ಕೆ ಕುವೈತಿನ ಮಂಗಫ್‌ನಲ್ಲಿ ಕಾರ್ಮಿಕರ ಕಟ್ಟಡಕ್ಕೆ ಬೆಂಕಿ ಹಿಡಿದು ತಿಂಗಳು ಆಗಿತ್ತಷ್ಟೆ. 45 ಭಾರತೀಯರ ಶವಗಳು ವಾಯುಪಡೆಯ ಒಂದೇ ವಿಮಾನದಲ್ಲಿ ಬಂದಿದ್ದವು. ಅರ್ಧದಷ್ಟು ಕೇರಳದವರು, ನಮ್ಮ ಜಿಲ್ಲೆಯವರೂ ಇದ್ದರು. ಬೆಂಕಿ ಹತ್ತಿದ್ದು ಕೆಳಗೆ. ಹೊಗೆ ಮೆಟ್ಟಿಲಿನ ದಾರಿಯಲ್ಲೇ ಮೇಲೆ ಏರಿತು. ತಾರಸಿಯ ಬಾಗಿಲಿಗೆ ಬೀಗ ಇತ್ತು ಅಂತ ಪೇಪರಿನಲ್ಲಿ ಬಂದಿತ್ತು. ಅವತ್ತು ನಮ್ಮ ಊರಿನಲ್ಲಿ ಗಲ್ಫಿಗೆ ಫೋನ್ ಮಾಡದ ಮನೆ ಇರಲಿಲ್ಲ.

ನನ್ನ ಹತ್ತಿರ ಅವನಿಗೆ ಕೊಡಲು ಡ್ರಾಯಿಂಗ್ ಇರಲಿಲ್ಲ. ಪ್ರಶ್ನೆಗಳಿದ್ದವು. ಎಷ್ಟನೇ ಮಾಳಿಗೆ? ಮೂರು. ಮೆಟ್ಟಿಲು ಎಷ್ಟು? ಒಂದೇ. ಮೆಟ್ಟಿಲಿನ ಕೆಳಗೆ ಎಂತ ಇಟ್ಟಿದ್ದಾರೆ? ಸೈಕಲ್, ಹಳೇ ಹಾಸಿಗೆಗಳು. ಹಾಸಿಗೆ ತೆಗೆಸು ಅಂದೆ. ಗಂಜಿ ಬೇಯಿಸುವ ಒಲೆ ಮೆಟ್ಟಿಲಿನ ಹತ್ತಿರ ಬೇಡ. ರೂಮಿಗೊಂದು ಹೊಗೆಯ ಅಲಾರಂ, ಬ್ಯಾಟರಿಯದ್ದು, ನಾಲ್ಕು ಜನ ಸೇರಿ ತೆಗೆದುಕೊಳ್ಳಿ. ಹೊಗೆ ತುಂಬಿದರೆ ಎದ್ದು ಓಡಬೇಡಿ, ನೆಲಕ್ಕೆ ಬಗ್ಗಿ ಹೋಗಿ. ತಾರಸಿಯ ಬಾಗಿಲು?

‘ನೋಡಿಲ್ಲ ಅಕ್ಕಾ. ಇವತ್ತು ನೋಡ್ತೇನೆ.’

ಲ್ಯಾಪ್‌ಟಾಪ್ ಮುಚ್ಚುವಾಗ ಚಾರ್ಜ್ 9. ಮದ್ದು ಬಿಡುವವರು ಮಳೆ ಬಿಡುವುದಿಲ್ಲ ಅಂತ ಮನೆಗೆ ಹೊರಟಿದ್ದರು. ಕರೆಂಟು ಬಂದದ್ದು ಮರುದಿನ ಮಧ್ಯಾಹ್ನ, ಫೈಬರ್ ಅದಕ್ಕೂ ಎರಡು ದಿನ ಬಿಟ್ಟು.

ಮೂರನೇ ದಿನ ವಾಟ್ಸಾಪಿಗೆ ಎರಡು ಫೋಟೋ ಬಂತು. ಮೊದಲನೆಯದರಲ್ಲಿ ಡಕ್ಟಿನ ಅಡಿಯಲ್ಲಿ ಎರಡು ಹೊಸ ಹೆಡ್, ಕೆಂಪು ಗಾಜು ಎದ್ದು ಕಾಣುತ್ತಿತ್ತು. ಟೆಸ್ಟ್ ಪಾಸ್ ಅಂತ ಬರೆದಿದ್ದ. ಎರಡನೆಯದು ತಗಡಿನ ಬಾಗಿಲು. ಕೆಳಗೆ ಒಂದು ಸಾಲು: ‘ಕೀ ವಾಚ್‌ಮನ್ ಹತ್ರ ಉಂಟಂತೆ. ವಾಚ್‌ಮನ್ ರಾತ್ರಿ ಇರುವುದಿಲ್ಲ.’

ಅತ್ತೆ ಕನ್ನಡಕ ಹಾಕಿಕೊಂಡು ಬಂದು ನೋಡಿದರು. ಫೋಟೋ ದೊಡ್ಡದು ಮಾಡಿ ತೋರಿಸಿದೆ. ಬೀಗ ಹೊಸದು, ಇನ್ನೂ ಹೊಳೆಯುತ್ತಿತ್ತು.